ಟವೆಲ್ ಕೆಳಗಿನ ಬೆಲೆ

ಗುರುಲಿಂಗಪ್ಪನ ಗಾಡಿಗೆ ಎರಡು ಎತ್ತು: ಕೆಂಚ ಮತ್ತು ಬೋಳ. ಯಜಮಾನರ ಕಣ್ಣಲ್ಲಿ ತನ್ನ ಬೆಲೆ ಏರಲೇಬೇಕೆಂದು ಹಟ ತೊಟ್ಟ ಕೆಂಚ, ಚಾವಟಿ ಏಳುವ ಮೊದಲೇ ಓಡುತ್ತಿದ್ದ. ಬೋಳನ ಪಾಲಿನ ಭಾರವನ್ನೂ ತಾನೇ ಎಳೆಯುತ್ತಿದ್ದ.

"ನೀನೂ ಸ್ವಲ್ಪ ಮೈ ಬಗ್ಗಿಸಬಾರದೇ?" ಎಂದು ಕೇಳಿದ.

"ನನಗೆಲ್ಲಿದೆ ಅಣ್ಣ ಅಂಥ ಯೋಗ್ಯತೆ?" ಎಂದ ಬೋಳ, ಮೆಲುಕು ಹಾಕುತ್ತ.

ಒಂದು ದಿನ ದನದ ಸಂತೆಯ ಮುಂದೆ ಗಾಡಿ ನಿಂತಿತು. ದಲ್ಲಾಳಿಯೊಬ್ಬ ಬಂದು ಕೆಂಚನ ಬೆನ್ನು ತಟ್ಟಿದ. ಅವನೂ ಗುರುಲಿಂಗಪ್ಪನೂ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸಿದರು.

"ನೋಡಿದೆಯಾ? ಕಡೆಗೂ ಯಜಮಾನರಿಗೆ ನನ್ನ ಬೆಲೆ ಗೊತ್ತಾಯಿತು!" ಎಂದು ಕೆಂಚ ಬೀಗಿದ.

ದಲ್ಲಾಳಿ ಅವನ ಹಗ್ಗ ಹಿಡಿದು ಎಳೆದ.

"ಹೋಗಿ ಬಾ ಅಣ್ಣ," ಎಂದ ಬೋಳ. "ಬೆಲೆಯಿಲ್ಲದ ನಾನು ಮನೆಗೆ ಹೋಗುತ್ತೇನೆ."