ಬಣ್ಣಗಾರರ ಬೀದಿಯ ಗಂಟೆ

"ಗುರುಗಳೇ, ಕಾಯುವವನು ನಿಜವಾಗಿ ಕಾಯುತ್ತಿದ್ದಾನೋ ಇಲ್ಲವೋ ಎಂದು ತಿಳಿಯುವುದು ಹೇಗೆ?"

ಶಿಷ್ಯ ಈ ಪ್ರಶ್ನೆ ಕೇಳಿದಾಗ ಸುಡುಬಿಸಿಲಿನ ಮಧ್ಯಾಹ್ನ. ಅವನ ಹೆಸರು ಫಕೀರಪ್ಪ. ಹಿಂದೆ ಇದೇ ಮಠದಲ್ಲಿ ಓದಿದವನು, ಈಗ ನಗರಸಭೆಯ ಸದಸ್ಯ. ಜೀಪಿನಲ್ಲಿ ಬಂದಿದ್ದ. ಜೊತೆಗೆ ಬಂದ ಪೇದೆ ಕೊಡೆ ಹಿಡಿದು ಅವನನ್ನು ಮಠದ ಬಾಗಿಲವರೆಗೆ ಬಿಟ್ಟು, ಹಿಂದಕ್ಕೆ ಹೋಗಿ ಗೇಟಿನ ಹತ್ತಿರ ನಿಂತುಕೊಂಡಿದ್ದ.

"ನಗರಸಭೆಯವರಿಗೂ ಪ್ರಶ್ನೆಗಳು ಬರುತ್ತವೆಯೇ? ಸಂತೋಷ" ಎಂದರು ಗುರುಗಳು. "ಬಿಡಿಸಿ ಹೇಳು. ಭಾಷಣ ಬೇಡ."

ಫಕೀರಪ್ಪ ಹೇಳಿದ. "ಈ ವರ್ಷ ನಗರಸಭೆ ಒಂದು ಸುರಕ್ಷತಾ ಸಮಿತಿ ಮಾಡಿದೆ. ನಾನು ಅದರ ಅಧ್ಯಕ್ಷ. ಪೊಲೀಸರ ಗಸ್ತು ಓಣಿ ಓಣಿಯಲ್ಲೂ ನಡೆಯುತ್ತಿದೆಯೇ ಎಂದು ನೋಡುವುದು ನಮ್ಮ ಕೆಲಸ. ಪ್ರತಿ ಓಣಿಯ ಮೂಲೆಯಲ್ಲೂ ಒಂದು ಕ್ಯೂಆರ್ ಕೋಡಿನ ಚೀಟಿ ಅಂಟಿಸಿದ್ದೇವೆ. ಪೇದೆ ಹೋಗಿ ಅದಕ್ಕೆ ಮೊಬೈಲು ಹಿಡಿದರೆ ನಮ್ಮ ಕಚೇರಿಯ ಪರದೆಯ ಮೇಲೆ ಹಸಿರು ಚುಕ್ಕೆ ಬರುತ್ತದೆ. ಕಳೆದ ವಾರ ಗೌಂಡಿಗಳ ಓಣಿಯಲ್ಲಿ ಹಾಡಹಗಲೇ ಒಂದು ಮನೆಯ ಬೀಗ ಒಡೆದರು. ಪರದೆಯಲ್ಲಿ ನೋಡಿದರೆ ಹಸಿರು ಚುಕ್ಕೆ ಇದೆ. ಓಣಿಯವರು ಮಾತ್ರ ಪೇದೆಯ ಮುಖವನ್ನೇ ನೋಡಿಲ್ಲ ಎನ್ನುತ್ತಾರೆ. ಗಸ್ತು ಇದ್ದ ಮೇಲೆ ಹೊರಗಿನವರು ಬಂದಿರಲಾರರು ಎಂದು ಪಕ್ಕದ ಮನೆಯ ಗೌಂಡಿಯೊಬ್ಬನನ್ನು ಹಿಡಿದು ಠಾಣೆಯಲ್ಲಿ ಕೂರಿಸಿದ್ದಾರೆ. ನಾಲ್ಕು ದಿನವಾಯಿತು. ಅವನ ತಾಯಿ ದಿನಾ ಬೆಳಿಗ್ಗೆ ಬಂದು ನನ್ನ ಮನೆಯ ಕಟ್ಟೆಯ ಮೇಲೆ ಕೂರುತ್ತಾಳೆ. ಏನೂ ಕೇಳುವುದಿಲ್ಲ, ಸುಮ್ಮನೆ ಕೂರುತ್ತಾಳೆ."

"ನೀನೇನು ಮಾಡುತ್ತೀ?"

"ಹಿಂದಿನ ಬಾಗಿಲಿನಿಂದ ಹೋಗುತ್ತೇನೆ" ಎಂದ ಫಕೀರಪ್ಪ. ಅವನ ಮುಖ ಸಣ್ಣದಾಯಿತು. "ನಾಳೆ ಸಮಿತಿ ಸೇರುತ್ತದೆ. ಗಸ್ತು ಸರಿಯಾಗಿತ್ತು ಎಂದು ಸಹಿ ಹಾಕಿದರೆ ಗೌಂಡಿ ಜೈಲಿಗೆ ಹೋಗುತ್ತಾನೆ. ಸರಿಯಿರಲಿಲ್ಲ ಎಂದರೆ ಪೊಲೀಸರು ಮುನಿಸಿಕೊಳ್ಳುತ್ತಾರೆ, ಊರನ್ನು ಕಾಯುವವರೇ ಇಲ್ಲವಾಗುತ್ತಾರೆ. ಪರದೆ ಒಂದು ಹೇಳುತ್ತದೆ, ಜನ ಒಂದು ಹೇಳುತ್ತಾರೆ. ತಲೆ ಕೆಟ್ಟುಹೋಗಿದೆ ಗುರುಗಳೇ. ಯಾರನ್ನು ನಂಬಲಿ?"

"ನಂಬುವ ಮಾತು ಆಮೇಲೆ. ಒಂದು ಕತೆ ಇದೆ, ಕೇಳು. ನಡುವೆ ಆ ಮೊಬೈಲು ತೆಗೆದೆಯೋ, ಅಲ್ಲಿಗೇ ನಿಲ್ಲಿಸಿ ಮಲಗಿಬಿಡುತ್ತೇನೆ."

ಫಕೀರಪ್ಪ ಮೊಬೈಲನ್ನು ಜೇಬಿಗಿಳಿಸಿದ. ಗುರುಗಳು ಹೇಳತೊಡಗಿದರು.

ಒಂದು ಊರು. ಆ ಊರಿಗೊಂದು ಸಭೆ. ಸಭೆಯಲ್ಲಿ ಐದು ಜನ ಹಿರಿಯರು. ಕೆಟ್ಟವರು ಎಂದುಕೊಳ್ಳಬೇಡ. ಊರಿಗೆ ಒಳ್ಳೆಯದಾಗಲಿ ಎಂದುಕೊಂಡೇ ಬೆಳಿಗ್ಗೆ ಏಳುತ್ತಿದ್ದರು. ಕೆಟ್ಟವರಾಗಿದ್ದರೆ ಈ ಕತೆ ಇಷ್ಟು ಉದ್ದ ಆಗುತ್ತಿರಲಿಲ್ಲ.

ಊರಿನಲ್ಲಿ ಏಳು ಬೀದಿ. ಬೀದಿಗೊಬ್ಬ ತಳವಾರ. ಕೋಲು ಹಿಡಿದು ಹಗಲೆಲ್ಲ ತನ್ನ ಬೀದಿಯಲ್ಲಿ ತಿರುಗಿ ಕಾಯುವುದು ಅವನ ಕೆಲಸ. ತಳವಾರರು ಮರದ ಕೆಳಗೆ ಗೊರಕೆ ಹೊಡೆಯುತ್ತಾರೆ ಎಂದು ಜನ ದೂರು ಕೊಟ್ಟರು. ಹಿರಿಯರು ಬಹಳ ಯೋಚಿಸಿ, ಪ್ರತಿ ತಳವಾರನ ಕೋಲಿಗೂ ಒಂದು ಕಂಚಿನ ಗಂಟೆ ಕಟ್ಟಿಸಿದರು. ಒಂದೊಂದು ಗಂಟೆಗೂ ಬೇರೆ ಬೇರೆ ದನಿ. ತಳವಾರ ನಡೆದರೆ ಗಂಟೆ ಆಡುತ್ತದೆ, ಕೂತರೆ ನಿಲ್ಲುತ್ತದೆ. ಸಭೆಯ ಮಾಳಿಗೆಯಲ್ಲಿ ಕೂತು ಕಿವಿಗೊಟ್ಟರೆ ಸಾಕು, ಯಾವ ಬೀದಿಯಲ್ಲಿ ಕಾವಲು ನಡೆದಿದೆ, ಯಾವ ಬೀದಿಯಲ್ಲಿ ನಿಂತಿದೆ, ಎಲ್ಲ ಗೊತ್ತಾಗುತ್ತದೆ. ಅಬ್ಬಾ, ಎಂಥ ತಲೆ! ಪಕ್ಕದ ಊರಿನವರು ಬಂದು ನೋಡಿಕೊಂಡು ಹೋದರು. ನಿಮ್ಮ ಚೀಟಿ ನೋಡಲು ಯಾರಾದರೂ ಬಂದಿದ್ದರೇ?

"ಬಂದಿದ್ದರು" ಎಂದ ಫಕೀರಪ್ಪ.

ಬರದೆ ಇರುತ್ತಾರೆಯೇ? ಇರಲಿ. ಆ ಸಭೆ ಸೇರುತ್ತಿದ್ದುದು ಸಂತೆಯ ದಿನ. ಅವತ್ತು ಬಾಗಿಲಲ್ಲಿ ಕೋಲು ಹಿಡಿದ ಒಬ್ಬ ಎತ್ತರದ ಆಳು ನಿಂತಿರುತ್ತಿದ್ದ. ಬಂದವರಿಗೆ ಚಪ್ಪಲಿ ಬಿಡಲು ಹೇಳುವುದು, ಹಿರಿಯರಿಗೆ ಕೊಡೆ ಹಿಡಿಯುವುದು ಅವನ ಕೆಲಸ. ಸಭೆ ಎಂದ ಮೇಲೆ ಒಂದು ಗತ್ತು ಬೇಡವೇ?

ಏಳು ಬೀದಿಗಳಲ್ಲಿ ಒಂದು ಬಣ್ಣಗಾರರದು. ನೂಲಿಗೆ ನೀಲಿ ಹಾಕಿ ಬದುಕುವ ಜನ. ಬೀದಿಗೆಲ್ಲ ಸೇರಿ ಒಂದೇ ನೀಲಿಯ ಬಾನಿ, ಆಳೆತ್ತರದ ಮಣ್ಣಿನ ಬಾನಿ. ನೀಲಿ ಹುಳಿ ಬಂದ ಮೇಲೆ ಬಾನಿಯನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಹೊತ್ತು ಹೊತ್ತಿಗೆ ಕಲಕಬೇಕು, ಬೆಲ್ಲ ಸುಣ್ಣ ಉಣಿಸಬೇಕು. ತಪ್ಪಿದರೆ ಬಾನಿ ಸತ್ತಿತು ಎನ್ನುತ್ತಾರೆ. ಸತ್ತ ಬಾನಿಯಲ್ಲಿ ನೂಲು ಅದ್ದಿದರೆ ಬಣ್ಣ ಹತ್ತುವುದಿಲ್ಲ. ಅದಕ್ಕೇ ಸಂತೆಯ ದಿನ ಬೀದಿಯವರೆಲ್ಲ ನೂಲು ಹೊತ್ತು ಸಂತೆಗೆ ಹೋದರೂ, ಸರದಿಯ ಪ್ರಕಾರ ಒಬ್ಬರು ಬಾನಿಯ ಹತ್ತಿರ ಉಳಿಯುತ್ತಿದ್ದರು.

ಒಂದು ಸಂತೆಗೆ ದ್ಯಾಮವ್ವ ಎಂಬ ಹೆಂಗಸಿನ ತಮ್ಮನ ಸರದಿ ಬಂತು. ಅಪ್ಪ ಅಮ್ಮ ಸತ್ತ ಮೇಲೆ ಅವಳೇ ಸಾಕಿದ ತಮ್ಮ. ಅವನು ಹಿತ್ತಲಲ್ಲಿ ಬಾನಿ ಕಲಕುತ್ತ ಉಳಿದ, ಮಿಕ್ಕವರು ಸಂತೆಗೆ ಹೋದರು. ಸಂಜೆ ತಿರುಗಿ ಬಂದು ನೋಡುತ್ತಾರೆ, ಬೀದಿಯ ಕೊನೆಯ ಮನೆಯ ಬಾಗಿಲು ಮುರಿದಿದೆ. ಒಳಗಿದ್ದ ನೂಲಿನ ಕಟ್ಟುಗಳು ಮಾಯ. ಬಾಗಿಲವಾಡದ ಮೇಲೆ ನೀಲಿ ಬೆರಳಿನ ಗುರುತು.

ಹಿರಿಯರು ವಿಚಾರಣೆ ಮಾಡಿದರು. ಅವತ್ತು ಬಣ್ಣಗಾರರ ಬೀದಿಯ ಗಂಟೆ ಆಡಿತ್ತೇ? ಆಡಿತ್ತು. ಐದೂ ಜನ ತಮ್ಮ ಕಿವಿಯಾರೆ ಕೇಳಿದ್ದರು. ಹಾಗಾದರೆ ಕಾವಲು ಇತ್ತು. ಹೊರಗಿನವರು ಬಂದದ್ದನ್ನು ನೋಡಿದೆಯಾ ಎಂದು ಆ ಬೀದಿಯ ತಳವಾರನನ್ನು ಗುಮಾಸ್ತನ ಕೈಲಿ ಕೇಳಿಸಿದರು. ಯಾರನ್ನೂ ನೋಡಲಿಲ್ಲ ಎಂದು ಉತ್ತರ ಬಂತು. ಕಾವಲು ಇತ್ತು, ಹೊರಗಿನವರು ಬರಲಿಲ್ಲ, ಬೀದಿಯಲ್ಲಿ ಉಳಿದವನು ಒಬ್ಬನೇ, ಅವನ ಬೆರಳು ನೀಲಿ. ಇನ್ನೇನು ಬೇಕು? ಆ ಬೀದಿಯಲ್ಲಿ ತೊಟ್ಟಿಲ ಕೂಸಿನ ಬೆರಳೂ ನೀಲಿಯೇ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ದ್ಯಾಮವ್ವನ ತಮ್ಮನನ್ನು ಚಾವಡಿಯ ಕೋಣೆಗೆ ಹಾಕಿ ಬೀಗ ಜಡಿದರು. ಮುಂದಿನ ಸಂತೆಗೆ ತೀರ್ಪು. ಕಳ್ಳನೆಂದು ತೀರ್ಮಾನವಾದರೆ ಊರು ಬಿಡಿಸುವುದು ಅಲ್ಲಿಯ ಕಟ್ಟಳೆ. ಬಿಟ್ಟು ಹೋದವನು ಮತ್ತೆ ಆ ಊರಿನ ನೀರು ಮುಟ್ಟುವ ಹಾಗಿಲ್ಲ.

ಆ ಎಂಟು ದಿನ ದ್ಯಾಮವ್ವನಿಗೆ ಕೂಳು ಸೇರಲಿಲ್ಲ. ತೀರ್ಪಿನ ದಿನ ಸಭೆಗೆ ಹೋದಳು. ವಾದ ಮಾಡಲು ಅಲ್ಲ. ಅವಳಿಗೆ ವಾದ ಎಲ್ಲಿ ಬರುತ್ತದೆ? ಕಾಲಿಗೆ ಬಿದ್ದು ಬೇಡಿಕೊಳ್ಳೋಣ ಎಂದು ಹೋದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೂಲೆಯಲ್ಲಿ ನಿಂತಳು. ಗುಮಾಸ್ತ ಓದುತ್ತಿದ್ದ. ಬಣ್ಣಗಾರರ ಬೀದಿಯ ಗಂಟೆ ಮಧ್ಯಾಹ್ನದಿಂದ ಸಂಜೆಯವರೆಗೆ ಆಡಿದ್ದು ಸಭೆಗೆ ಕೇಳಿಸಿದೆ, ಆದಕಾರಣ ಇತ್ಯಾದಿ. ಅಷ್ಟರಲ್ಲಿ ದೂರದಿಂದ ಗಂಟೆ ಆಡಿತು.

ಸಭೆಯ ಯಜಮಾನ ಕರುಣೆಯಿಂದಲೇ ಹೇಳಿದ: "ಕೇಳಿಸಿತೇನು ತಂಗಿ? ನಿಮ್ಮ ಬೀದಿಯ ಗಂಟೆ. ತಳವಾರ ಈಗಲೂ ತಿರುಗುತ್ತಿದ್ದಾನೆ. ಅವತ್ತೂ ಹೀಗೇ ತಿರುಗಿದ್ದ. ನಾವು ಯಾರ ಮೇಲೂ ಸುಮ್ಮನೆ ಹೊರಿಸುವವರಲ್ಲ."

ದ್ಯಾಮವ್ವ ತಬ್ಬಿಬ್ಬಾದಳು. "ಯಪ್ಪಾ, ಅದು ನನ್ನ ಆಡು" ಎಂದಳು.

ಫಕೀರಪ್ಪ ನಕ್ಕ. ಗುರುಗಳು ನಗಲಿಲ್ಲ. ಅವನು ನಗುವುದನ್ನು ನಿಲ್ಲಿಸುವವರೆಗೆ ಕಾದು ಮುಂದುವರಿಸಿದರು.

ವಿಷಯ ಇಷ್ಟೇ. ಸಂತೆಯ ದಿನ ಬೆಳಿಗ್ಗೆ ಯಾರೋ ಬಂದು ದ್ಯಾಮವ್ವನ ಆಡಿನ ಕೊರಳಿಗೆ ಆ ಗಂಟೆ ಕಟ್ಟಿ ಹೋಗುತ್ತಿದ್ದರು, ಸಂಜೆ ಬಂದು ಬಿಚ್ಚಿಕೊಳ್ಳುತ್ತಿದ್ದರು. ಆಡು ಬೀದಿಯ ಈ ತುದಿಯಲ್ಲಿ ಬೇವಿನ ಸೊಪ್ಪು ಮೇಯುತ್ತಿತ್ತು, ಆ ತುದಿಯಲ್ಲಿ ನೀರು ಕುಡಿಯುತ್ತಿತ್ತು. ಯಾವ ತಳವಾರನೂ ಅಷ್ಟು ನಿಯತ್ತಾಗಿ ತಿರುಗಿದವನಲ್ಲ. ಗಂಟೆ ಕಟ್ಟಿಸಿದ್ದು ತಳವಾರರ ಮೇಲೆ ನಿಗಾ ಇಡಲು ಎಂಬುದು ಬೀದಿಯವರಿಗೆ ಗೊತ್ತೇ ಇರಲಿಲ್ಲ. ಹೇಳಿದವರು ಯಾರು? ಸಭೆಯವರು ಆಡಿಗೆ ಏನೋ ಮರ್ಯಾದೆ ಮಾಡಿದ್ದಾರೆ ಎಂದುಕೊಂಡು ಹೆಂಗಸರು ಅದರ ಹಣೆಗೆ ಅರಿಶಿನ ಹಚ್ಚುತ್ತಿದ್ದರು.

"ಹಾಗಾದರೆ ತಳವಾರ ಎಲ್ಲಿ ಸತ್ತಿದ್ದಾನೆ?" ಎಂದು ಯಜಮಾನ ಕೂಗಿದ.

ದ್ಯಾಮವ್ವ ಬಾಗಿಲ ಕಡೆ ಕೈ ತೋರಿಸಿದಳು. "ಅಗೋ, ಅಲ್ಲೇ ಇದ್ದಾನಲ್ಲ. ಈಗ ನನಗೆ ಚಪ್ಪಲಿ ಬಿಡು ಅಂದವನೇ ನಮ್ಮ ಬೀದಿಯ ತಳವಾರ."

ಐದೂ ಜನ ಬಾಗಿಲ ಕಡೆ ತಿರುಗಿದರು. ಎತ್ತರದ ಆಳು ನಿಂತಿದ್ದ. ಒಂದು ವರ್ಷದಿಂದ ಪ್ರತಿ ಸಂತೆಗೂ ಅವನು ಅಲ್ಲೇ ನಿಂತಿದ್ದ. ಅವನ ಕೊಡೆಯ ನೆರಳಲ್ಲಿ ಬಂದು, ಅವನ ಪಕ್ಕದಲ್ಲೇ ಹಾದು, ಒಳಗೆ ಕೂತು ಅವನ ಗಂಟೆಯನ್ನು ದೂರದಿಂದ ಕೇಳಿದ್ದರು. ಅವನ ಕೋಲಿನಲ್ಲಿ ಗಂಟೆ ಇಲ್ಲ ಎಂಬುದನ್ನು ಒಬ್ಬರೂ ಕಂಡಿರಲಿಲ್ಲ. ಅಲ್ಲಯ್ಯಾ, ಬಾಗಿಲಲ್ಲಿ ನಿಂತವನ ಮುಖವನ್ನು ಯಾರು ನೋಡುತ್ತಾರೆ?

ತಳವಾರ ಮುಂದೆ ಬಂದ. ಅವನಿಗೆ ಹೆದರಿಕೆಯಾಗಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು. "ಸಂತೆಯ ದಿನ ಸಭೆಯ ಬಾಗಿಲಲ್ಲಿ ನಿಲ್ಲು ಎಂದವರು ನೀವು. ಬೀದಿಯಲ್ಲಿ ಗಂಟೆ ನಿಲ್ಲಬಾರದು ಎಂದವರೂ ನೀವು. ಎರಡೂ ನಿಮ್ಮ ಅಪ್ಪಣೆ, ಬುದ್ಧಿ. ನನಗಿರುವುದು ಒಂದೇ ಮೈ, ಅದಕ್ಕೇ ಗಂಟೆಯನ್ನು ಆಡಿನ ಕೊರಳಿಗೆ ಕಟ್ಟಿದೆ. ಹೊರಗಿನವರನ್ನು ನೋಡಿದೆಯಾ ಎಂದು ಕೇಳಿದಿರಿ, ನೋಡಲಿಲ್ಲ ಎಂದೆ. ನೀನು ಎಲ್ಲಿದ್ದೆ ಎಂದು ಕೇಳಲಿಲ್ಲ."

ಈಗ ಸಭೆಗೆ ಗೊಂದಲ ಹಿಡಿಯಿತು. ಈ ತಳವಾರನನ್ನು ಇವತ್ತೇ ಕಿತ್ತುಹಾಕಿ ಎಂದ ಒಬ್ಬ. ಕಿತ್ತುಹಾಕಿದರೆ ಬಾಗಿಲಲ್ಲಿ ನಿಲ್ಲುವವರು ಯಾರು, ಇಷ್ಟು ಎತ್ತರದವನು ಬೇರೆ ಇದ್ದಾನೆಯೇ ಎಂದ ಇನ್ನೊಬ್ಬ. ಮೊದಲು ಆಡಿನ ಗಂಟೆ ಬಿಚ್ಚಿಸಬೇಕು ಎಂಬ ಮಾತು ಬಂತು. ಬಿಚ್ಚಿಸಿದರೆ ಆ ಬೀದಿ ಸದ್ದಿಲ್ಲದೆ ಆಗುತ್ತದೆ, ಕಾವಲೇ ಇಲ್ಲವೆಂದು ಜನ ಗಾಬರಿಯಾಗುತ್ತಾರೆ, ಇರುವ ಕಳ್ಳರಿಗೆ ಧೈರ್ಯ ಬರುತ್ತದೆ, ಆದ್ದರಿಂದ ಬೇರೆ ಏರ್ಪಾಡು ಆಗುವತನಕ ಆಡು ತಿರುಗಲಿ ಎಂದೂ ಒಬ್ಬ ಹೇಳಿದ. ಅವನು ತಮಾಷೆಗೆ ಹೇಳಿದ್ದಲ್ಲ. ಗಂಟೆ ಇರುವುದು ಮನುಷ್ಯನ ಕೈಯಲ್ಲೋ ಆಡಿನ ಕೊರಳಲ್ಲೋ ಎಂದು ನೋಡಿ ಬರಲು ಬೀದಿಗೊಬ್ಬನನ್ನು ನೇಮಿಸೋಣ ಎಂದು ಮತ್ತೊಬ್ಬ ಹೇಳಿದಾಗ ಎಲ್ಲರ ಮುಖ ಅರಳಿತು. ಆ ನೇಮಿಸಿದವನು ನೋಡಿದನೋ ಇಲ್ಲವೋ ಎಂದು ತಿಳಿಯಲು ಅವನಿಗೂ ಒಂದು ಗಂಟೆ ಕಟ್ಟಬೇಕಲ್ಲ ಎಂದು ಯಾರೋ ಅಂದಾಗ ಅರಳಿದ ಮುಖಗಳು ಬಾಡಿದವು.

ದ್ಯಾಮವ್ವ ಈ ಮುಖದಿಂದ ಆ ಮುಖಕ್ಕೆ ನೋಡುತ್ತ ನಿಂತಿದ್ದಳು. ಕಾವಲು ಇರಲಿಲ್ಲ ಎಂದು ಗೊತ್ತಾಯಿತಲ್ಲ, ಇನ್ನು ತಮ್ಮನ ಬೀಗ ತೆಗೆಯುತ್ತಾರೆ ಎಂದು ಅವಳು ಎಣಿಸಿದ್ದಳು. ಯಾರೂ ತೆಗೆಯುವ ಮಾತೆತ್ತಲಿಲ್ಲ. ಕೊನೆಗೆ ಅವಳೇ ಕೇಳಿದಳು. "ಯಪ್ಪಾ, ಗಂಟೆಯ ವಿಚಾರ ನಿಧಾನವಾಗಿ ಮಾಡಿಕೊಳ್ಳಿ. ನನ್ನ ತಮ್ಮನನ್ನು ಈಗ ಬಿಟ್ಟುಬಿಡಿ. ಅವನಿಲ್ಲದೆ ಮನೆಯೂ ಸತ್ತಂತಿದೆ, ನಾನೂ ಸಾಯುತ್ತಿದ್ದೇನೆ."

"ಅದಕ್ಕೇ ಅಲ್ಲವೇ ತಂಗಿ ನಾವು ಇಷ್ಟು ತಲೆ ಕೆಡಿಸಿಕೊಂಡಿರುವುದು" ಎಂದ ಯಜಮಾನ. "ಕಾವಲು ಇತ್ತೋ ಇಲ್ಲವೋ ಎಂಬುದು ಮೊದಲು ಸಭೆಯಲ್ಲಿ ತೀರ್ಮಾನವಾಗಲಿ. ಹೊರಗೆ ಕೂತಿರು."

ದ್ಯಾಮವ್ವ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ತಳವಾರ ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ. ಚಾವಡಿ ಅಲ್ಲೇ, ಎದುರಿಗೆ, ಇಪ್ಪತ್ತು ಹೆಜ್ಜೆ. ಆ ಕೋಣೆಯ ಬೀಗದ ಕೈ ಇದ್ದದ್ದು ಇದೇ ತಳವಾರನ ಸೊಂಟದಲ್ಲಿ. ಅವನು ಒಮ್ಮೆ ಅವಳನ್ನು ನೋಡಿದ, ಒಮ್ಮೆ ಒಳಗೆ ನೋಡಿದ. ಒಳಗಿನಿಂದ ಅಪ್ಪಣೆ ಬರಲಿಲ್ಲ. ದೂರದಲ್ಲಿ ಗಂಟೆ ಆಡುತ್ತಲೇ ಇತ್ತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಫಕೀರಪ್ಪ ಮುಂದಕ್ಕೆ ಬಾಗಿದ. "ಆಮೇಲೆ ಏನಾಯಿತು ಗುರುಗಳೇ? ತಮ್ಮನನ್ನು ಬಿಟ್ಟರೇ?"

"ಸಭೆ ಇನ್ನೂ ಮುಗಿದಿಲ್ಲ."

"ಇದೆಂಥ ಕತೆ! ನನ್ನ ಗೊಂದಲ ಇನ್ನೂ ಹೆಚ್ಚಾಯಿತಲ್ಲ" ಎಂದ ಫಕೀರಪ್ಪ. ಅವನ ದನಿಯಲ್ಲಿ ಅಸಮಾಧಾನವಿತ್ತು. "ಗಂಟೆ ತಪ್ಪೇ, ತಳವಾರ ತಪ್ಪೇ, ಸಭೆ ತಪ್ಪೇ? ನಾಳೆ ಆ ಕಾಗದದ ಮೇಲೆ ನಾನು ಏನೆಂದು ಬರೆಯಲಿ?"

ಗುರುಗಳು ಎದ್ದರು. ಮೂಲೆಯಲ್ಲಿದ್ದ ಗಡಿಗೆಯಿಂದ ತಂಬಿಗೆಗೆ ಮಜ್ಜಿಗೆ ಬಗ್ಗಿಸಿಕೊಂಡು, ಕಿಟಕಿಯ ಹತ್ತಿರ ಹೋಗಿ ನಿಂತು ಹೊರಗೆ ನೋಡಿದರು.

"ಗೇಟಿನ ಹತ್ತಿರ ಬಿಸಿಲಲ್ಲಿ ನಿನ್ನ ಕೊಡೆ ಹಿಡಿದು ನಿಂತಿದ್ದಾನಲ್ಲ, ಅವನು ಯಾವ ಓಣಿಯ ಗಸ್ತಿನ ಪೇದೆ, ಫಕೀರಪ್ಪ?"

ಫಕೀರಪ್ಪ ಕಿಟಕಿಯ ಕಡೆ ನೋಡಿದ. ಎದ್ದು, ಕೊಡೆಗೆ ಕಾಯದೆ ಬಿಸಿಲಿಗಿಳಿದು, ಆ ಪ್ರಶ್ನೆಯನ್ನು ಪೇದೆಗೇ ಕೇಳಲು ಗೇಟಿನ ಕಡೆ ನಡೆದ.