ಗದ್ದದವರೆಗಿನ ನೋವು

“ಗುರುಗಳೇ, ಧರ್ಮದ ಕಾರಣಕ್ಕೆ ಮುಖ ಮುಚ್ಚಿಕೊಂಡು ಬೀದಿಗೆ ಬರುವವರನ್ನು ಸರ್ಕಾರ ತಡೆಯಬೇಕೇ, ಬೇಡವೇ?” ಎಂದು ಚನ್ನವೀರ ಕೇಳಿದ.

ಚನ್ನವೀರ ಚಿಕ್ಕಂದಿನಲ್ಲಿ ಗುರುಗಳ ಮಠದಲ್ಲೇ ಓದಿದವನು. ಈಗ ರಾಜಧಾನಿಯಲ್ಲಿ, ಕಾನೂನು ಬರೆಯುವ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಈ ಪ್ರಶ್ನೆಗೆ ವಾರದೊಳಗೆ ಉತ್ತರ ಬರೆದು ಕೊಡಬೇಕೆಂದು ಅವನಿಗೆ ಮೇಲಿನಿಂದ ಅಪ್ಪಣೆಯಾಗಿತ್ತು.

ಗುರುಗಳು ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ, “ನೀನೇನು ಬರೆದಿದ್ದೀಯಪ್ಪ?” ಎಂದರು.

“ಎರಡೂ ಬರೆದಿದ್ದೇನೆ. ತಡೆಯಬೇಕು ಎಂದು ಹತ್ತು ಪುಟ, ಕೂಡದು ಎಂದು ಹತ್ತು ಪುಟ. ಮುಖ ಕಾಣದಿದ್ದರೆ ಕಳ್ಳ ಯಾರು, ಸಜ್ಜನ ಯಾರು ಎಂದು ತಿಳಿಯುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ಮನೆಯವರು ಹೇರಿದ ಬಟ್ಟೆ. ಇದು ಒಂದು ಕಡೆ. ಅದು ಅವರ ನಂಬಿಕೆ, ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ಇದು ಇನ್ನೊಂದು ಕಡೆ. ಎರಡೂ ಚೆನ್ನಾಗಿ ಬಂದಿವೆ. ಅದೇ ಕಷ್ಟವಾಗಿದೆ.”

ಗುರುಗಳು ನಕ್ಕರು. “ಹಾಗಾದರೆ ಇಪ್ಪತ್ತು ಪುಟವನ್ನೂ ಚೀಲದಲ್ಲೇ ಇಟ್ಟುಕೋ. ಒಂದು ಕತೆ ಹೇಳುತ್ತೇನೆ, ಕೇಳು,” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಕಣ್ಣಿನ ರೋಗಕ್ಕೆ ಅವನ ಕೈಗುಣ ದೊಡ್ಡದು. ಕೈಗುಣ ಎಷ್ಟು ದೊಡ್ಡದೋ ಗೊಣಗಾಟವೂ ಅಷ್ಟೇ ದೊಡ್ಡದು. ಬೆಳಗ್ಗೆ ಪೇಟೆ ಬೀದಿಯ ಜಗಲಿಯ ಮೇಲೆ ಕೂತರೆ ಮಧ್ಯಾಹ್ನದ ತನಕ ಮದ್ದು ಅರೆಯುವುದು, ಗೊಣಗುವುದು, ಕಣ್ಣಿಗೆ ಸೊಪ್ಪಿನ ರಸ ಬಿಡುವುದು, ಮತ್ತೆ ಗೊಣಗುವುದು. ಪಂಡಿತರು ಗೊಣಗದೆ ಕೊಟ್ಟ ಮದ್ದು ಮೈಗೆ ಹತ್ತುವುದಿಲ್ಲ ಎಂದು ಊರವರು ತಮಾಷೆ ಮಾಡುತ್ತಿದ್ದರು.

ಆ ಊರಿನ ಒಂದು ಕೇರಿಯ ಹೆಂಗಸರು ತಮ್ಮ ಧರ್ಮದಂತೆ ಮುಖಕ್ಕೆ ಮುಸುಕು ಹಾಕಿಕೊಂಡು ಹೊರಗೆ ಬರುತ್ತಿದ್ದರು. ಯಾವ ಧರ್ಮ ಎಂದು ಕೇಳಬೇಡ, ಚನ್ನವೀರ. ಹೆಸರು ಹೇಳಿದೆನೋ, ನಿನ್ನ ಒಂದು ಕಿವಿ ಅಲ್ಲಿಗೇ ಮುಚ್ಚಿಕೊಳ್ಳುತ್ತದೆ.

ಆ ಹೆಂಗಸರಿಗೂ ಕಣ್ಣಿನ ರೋಗ ಬರುತ್ತದಲ್ಲ, ಅವರೂ ವೈದ್ಯನ ಬಳಿಗೆ ಬರುತ್ತಿದ್ದರು. “ಕಣ್ಣು ನೋಡಬೇಕಲ್ಲ ತಾಯಿ,” ಎಂದಷ್ಟೇ ಹೇಳಿ ಅವನು ಅರೆಯುವ ಕಲ್ಲಿನ ಕಡೆಗೆ ತಿರುಗಿಬಿಡುತ್ತಿದ್ದ. ಅವರಾಗಿ “ಹ್ಞೂಂ” ಎನ್ನುವ ತನಕ ಇತ್ತ ನೋಡುತ್ತಿರಲಿಲ್ಲ. ಕೆಲವರು ಒಂದು ಕಣ್ಣನ್ನಷ್ಟೇ ತೋರಿಸುತ್ತಿದ್ದರು. ಕೆಲವರು ಮುಸುಕನ್ನೆಲ್ಲ ಹಿಂದಕ್ಕೆ ಹಾಕಿ ಕೂತು, ರಸ ಬಿಟ್ಟದ್ದು ಆರುವ ತನಕ ಕೇರಿಯ ಸುದ್ದಿಯನ್ನೆಲ್ಲ ಹೇಳಿ ಎದ್ದುಹೋಗುತ್ತಿದ್ದರು. ವೈದ್ಯನಿಗೆ ಎರಡೂ ಒಂದೇ. ಕಣ್ಣು ಕಂಡರೆ ಸಾಕು.

ಅವರಲ್ಲಿ ಕೌದಿ ಹೊಲಿಯುವ ಒಬ್ಬ ಹೆಂಗಸಿದ್ದಳು. ಗಂಡ ತೀರಿಕೊಂಡಿದ್ದ. ಮಾವ, ನಾದಿನಿ ಇದ್ದ ಮನೆಯಲ್ಲೇ ಇದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಅವಳು ಹೊಲಿದ ಕೌದಿಗೆ ಸುತ್ತಲ ಊರುಗಳವರು ಕಾದು ಕೂರುತ್ತಿದ್ದರು. ಅವಳ ಬಲಗಣ್ಣಿಗೆ ಪೊರೆ ಬಂತು. ಎಡಗಣ್ಣೂ ಮಂಜಾಗತೊಡಗಿತು. ಸೂಜಿಗೆ ದಾರ ಪೋಣಿಸಲು ನಾದಿನಿಯನ್ನು ಕರೆಯಬೇಕಾಯಿತು, ಆಮೇಲೆ ಹೊಲಿಗೆಯೇ ನಿಂತಿತು. ಆಗ ವೈದ್ಯನ ಬಳಿಗೆ ಬಂದಳು.

“ಇಪ್ಪತ್ತೊಂದು ದಿನ ಎಡೆಬಿಡದೆ ನಾನೇ ರಸ ಬಿಡಬೇಕು. ನಡುವೆ ನಿಂತರೆ ಮತ್ತೆ ಮೊದಲಿನಿಂದ. ಹಾಗೇ ಬಿಟ್ಟರೆ ಎರಡು ಕಣ್ಣೂ ಹೋಗುತ್ತವೆ,” ಎಂದ ವೈದ್ಯ. ಅವಳು ದಿನವೂ ನಾದಿನಿಯ ಕೈ ಹಿಡಿದು ಬರತೊಡಗಿದಳು. ಹನ್ನೊಂದು ದಿನ ಕಳೆಯಿತು. ಎಡಗಣ್ಣಿಗೆ ಬೆಳಕಿನ ಹೊಳಪು ಕಂಡಿತು ಎಂದಳು. ವೈದ್ಯನಿಗೆ ಬಲು ಖುಷಿಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ, ಗೊಣಗಿದ.

ಆ ಗೊಣಗಾಟವೇ ಎಡವಟ್ಟಾದದ್ದು. ಊರಿನ ಅಧಿಕಾರಿ ಅದೇ ಹೊತ್ತಿಗೆ ಜಗಲಿಯ ಮೇಲೆ ಬಂದು ಕೂತಿದ್ದ. ವೈದ್ಯ ಅವನಿಗೆ ಕೇಳುವ ಹಾಗೆ, “ಬಟ್ಟೆಯೊಳಗೆ ಬೆವರು, ಬೆವರಿನೊಳಗೆ ಧೂಳು. ಈ ಮುಸುಕೊಂದು ಇಲ್ಲದಿದ್ದರೆ ನನ್ನ ಕೆಲಸ ಅರ್ಧ ಮುಗಿದಿರುತ್ತಿತ್ತು ನೋಡಿ,” ಎಂದ.

ಅಧಿಕಾರಿ ಒಳ್ಳೆಯವನು. ಒಳ್ಳೆಯವನು ಅಧಿಕಾರಿಯಾದರೆ ಒಂದು ತೊಂದರೆ ಇದೆ. ಯಾರು ಏನು ಗೊಣಗಿದರೂ ಅದನ್ನು ಸರಿಪಡಿಸಲು ಹೊರಟುಬಿಡುತ್ತಾನೆ. ಹಿಂದಿನ ತಿಂಗಳಷ್ಟೇ ಒಬ್ಬ ಕಳ್ಳ ಮುಸುಕು ಹಾಕಿಕೊಂಡು ಖಜಾನೆಯ ಬಾಗಿಲಿನಿಂದ ತಪ್ಪಿಸಿಕೊಂಡಿದ್ದ. ಅದೂ ಅವನ ತಲೆಯಲ್ಲಿ ಕೊರೆಯುತ್ತಿತ್ತು. ಊರೂ ನೆಮ್ಮದಿಯಾಗಿರುತ್ತದೆ, ಹೆಂಗಸರ ಕಣ್ಣೂ ಉಳಿಯುತ್ತದೆ ಎಂದುಕೊಂಡ. ಮಾರನೆಯ ಬೆಳಗ್ಗೆ ಡಂಗುರ ಸಾರಿಸಿದ: ಇನ್ನು ಮುಂದೆ ವೈದ್ಯರು ಕಟ್ಟಿದ ಮದ್ದಿನ ಪಟ್ಟಿಯ ಹೊರತು ಮುಖದ ಮೇಲೆ ಬಟ್ಟೆ ಹಾಕಿಕೊಂಡು ಯಾರೂ ಬೀದಿಗೆ ಬರಕೂಡದು. ಮದ್ದಿನ ಪಟ್ಟಿಯ ಮಾತನ್ನು ವೈದ್ಯನ ಮೇಲಿನ ಗೌರವಕ್ಕೆಂದೇ ಸೇರಿಸಿದ್ದ.

ಅಂದು ಮಧ್ಯಾಹ್ನ ಅವನೇ ಜಗಲಿಗೆ ಬಂದ. “ನೋಡಿದಿರಾ ಪಂಡಿತರೇ? ಬೀದಿಯಲ್ಲಿ ಒಂದಾದರೂ ಮುಸುಕು ಕಾಣುತ್ತದೆಯೇ?”

ವೈದ್ಯ ಬೀದಿಯ ಉದ್ದಕ್ಕೂ ಕಣ್ಣಾಡಿಸಿದ. ಒಂದು ಮುಸುಕೂ ಇರಲಿಲ್ಲ. ಆ ಕೇರಿಯ ಒಬ್ಬ ಹೆಂಗಸೂ ಇರಲಿಲ್ಲ. ಕೌದಿಯವಳು ಬಂದಿರಲಿಲ್ಲ. ಅಯ್ಯೋ, ನನ್ನ ಬಾಯಿಗಿಷ್ಟು ಬೆಂಕಿ ಬೀಳಲಿ ಎಂದುಕೊಂಡ. ಅಂದು ಅರೆದ ರಸ ಬಟ್ಟಲಲ್ಲೇ ಒಣಗಿತು.

ಎರಡನೆಯ ದಿನವೂ ಅವಳು ಬರಲಿಲ್ಲ. ವೈದ್ಯ ತಡೆಯಲಾಗದೆ ರಸದ ಬಟ್ಟಲನ್ನೂ ಪಟ್ಟಿಯ ಸುರುಳಿಯನ್ನೂ ಹಿಡಿದುಕೊಂಡು ಆ ಕೇರಿಗೆ ನಡೆದ. ಮಾವ ಹೊಸ್ತಿಲಲ್ಲೇ ಕೂತಿದ್ದ. ಎದ್ದು ನಮಸ್ಕಾರ ಮಾಡಿದ, ನೀರು ತರಿಸಿದ, ಆದರೆ ದಾರಿ ಬಿಡಲಿಲ್ಲ.

“ಪರಗಂಡಸರನ್ನು ಒಳಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ ಪಂಡಿತರೇ.”

“ಹಾಗಾದರೆ ಜಗಲಿಗಾದರೂ ಕಳುಹಿಸಿ.”

“ಹೇಗೆ ಕಳುಹಿಸಲಿ? ಮುಸುಕು ಹಾಕಿಕೊಂಡು ಬೀದಿಗೆ ಬರಬೇಡ ಎನ್ನುತ್ತದೆ ಸರ್ಕಾರ. ಮುಸುಕಿಲ್ಲದೆ ಬೀದಿಗೆ ಹೋಗಬೇಡ ಎನ್ನುತ್ತೇನೆ ನಾನು. ನಾವಿಬ್ಬರೂ ಒಂದೇ ಮಾತಿಗೆ ಬಂದಿದ್ದೇವೆ. ಅವಳು ಮನೆಯಲ್ಲೇ ಇರಲಿ.”

ವೈದ್ಯನಿಗೆ ಸಿಟ್ಟು ನೆತ್ತಿಗೇರಿತು. “ನಿಮ್ಮಿಬ್ಬರ ಒಪ್ಪಂದದಲ್ಲಿ ಕಣ್ಣು ಹೋಗುವುದು ಅವಳದಲ್ಲವೇನಯ್ಯ!” ಎಂದು ಕೂಗಿದ.

ಮಾವನ ಮುಖ ಸಣ್ಣದಾಯಿತು. ಅವನೂ ಕೆಟ್ಟವನಲ್ಲ. ಸೊಸೆ ಗೋಡೆ ತಡವಿಕೊಂಡು ಅಡುಗೆ ಮನೆಗೆ ಹೋಗುವುದನ್ನು ದಿನವೂ ನೋಡುತ್ತಿದ್ದವನು. ನೋಡುತ್ತಲೂ ಇದ್ದ, ಬಾಗಿಲಿಗೆ ಅಡ್ಡವೂ ಕೂತಿದ್ದ. ಇಂಥವರನ್ನು ನೀನು ನೋಡಿಲ್ಲವೇ?

ಆಗ ಬಾಗಿಲ ಹಿಂದಿನಿಂದ ಅವಳ ದನಿ ಬಂತು. “ಪಂಡಿತರೇ, ಕಣ್ಣಿಗೆ ಕಟ್ಟುವ ಪಟ್ಟಿ ಎಷ್ಟು ಅಗಲ ಇರಬೇಕು?”

“ನಾಲ್ಕು ಬೆರಳು ಸಾಕು ತಾಯಿ.”

“ನನಗೆ ಕಣ್ಣಿನ ನೋವು ಗದ್ದದವರೆಗೂ ಇಳಿದಿದೆ.”

ವೈದ್ಯ ಬೆಪ್ಪಾಗಿ ನಿಂತ. ಕಣ್ಣಿನ ನೋವು ಗದ್ದದವರೆಗೆ ಇಳಿದದ್ದನ್ನು ಅವನು ಎಲ್ಲೂ ಓದಿರಲಿಲ್ಲ, ಯಾರಿಂದಲೂ ಕೇಳಿರಲಿಲ್ಲ. ಆಮೇಲೆ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ. ಪಟ್ಟಿಯ ಸುರುಳಿಯನ್ನು ಪೂರ್ತಿ ಬಾಗಿಲ ಸಂದಿಯಿಂದ ಒಳಗೆ ಕೊಟ್ಟ. “ಉಸಿರಾಡಲು ಜಾಗ ಬಿಟ್ಟುಕೋ ತಾಯಿ. ನಾಳೆ ಬೆಳಗ್ಗೆ ಬಂದುಬಿಡು. ಮೊದಲ ದಿನ ಎಂದು ಲೆಕ್ಕ ಹಿಡಿಯೋಣ,” ಎಂದ. ಮಾವ ಒಮ್ಮೆ ಬಾಗಿಲನ್ನು ನೋಡಿದ, ಒಮ್ಮೆ ವೈದ್ಯನನ್ನು ನೋಡಿದ. ಸ್ವಲ್ಪ ಸರಿದು ಕೂತ.

ಮರುದಿನ ಅವಳು ಹಣೆಯಿಂದ ಗದ್ದದ ತನಕ ಬಿಳಿಯ ಪಟ್ಟಿ ಸುತ್ತಿಕೊಂಡು ಬಂದಳು. ಕೈ ಹಿಡಿದು ಕರೆತಂದ ನಾದಿನಿಗೂ ಅಂದೇ ಕಣ್ಣು ನೋವು ಬಂದಿತ್ತು, ಅದೂ ಗದ್ದದವರೆಗೆ. ದಾರಿ ನೋಡಲು ಒಂದು ಸಂದಿ ಮಾತ್ರ ಬಿಟ್ಟುಕೊಂಡಿದ್ದಳು. ಪೇಟೆಯ ಕಾವಲಿನವನು ಅಡ್ಡ ಬಂದ. “ಮದ್ದಿನ ಪಟ್ಟಿ,” ಎಂದ ವೈದ್ಯ. ಕಾವಲಿನವನು ದಾರಿ ಬಿಟ್ಟ. ಅದರ ಮರುದಿನ ಆರು ಜನ ಬಂದರು. ವಾರ ಕಳೆಯುವಷ್ಟರಲ್ಲಿ ಕೇರಿಗೆ ಕೇರಿಯೇ ಗದ್ದದ ನೋವಿನಿಂದ ನರಳುತ್ತಿತ್ತು. ವೈದ್ಯನ ಬಳಿ ಪಟ್ಟಿಯ ಬಟ್ಟೆ ಮುಗಿಯಿತು. ಮಾವನೇ ತನ್ನ ಹಳೆಯ ಪಂಚೆಗಳನ್ನು ಹರಿದು ತಂದುಕೊಟ್ಟ.

ಸುದ್ದಿ ಕೇಳಿ ಅಧಿಕಾರಿ ಓಡಿ ಬಂದ. ಬೀದಿಯ ತುಂಬ ಬಿಳಿಯ ಪಟ್ಟಿಯ ಹೆಂಗಸರು ತರಕಾರಿ ಕೊಳ್ಳುತ್ತಿದ್ದರು, ಚೌಕಾಸಿ ಮಾಡುತ್ತಿದ್ದರು. ಅವನು ಗಾಬರಿಯಾದ. “ಏನಿದು ಪಂಡಿತರೇ? ಊರಿಗೆ ಯಾವ ರೋಗ ಬಂತು?”

“ನನ್ನ ಗೊಣಗಾಟ ನಿಮಗೆ ಅಂಟಿತು. ನಿಮ್ಮಿಂದ ಊರಿಗೆ ಅಂಟಿತು,” ಎಂದ ವೈದ್ಯ.

ಅಧಿಕಾರಿಗೆ ವಿಷಯ ತಿಳಿಯಿತು. ಮೊದಲು ಸಿಟ್ಟು ಬಂತು, ಆಮೇಲೆ ಪೆಚ್ಚಾದ. ಜಗಲಿಯ ಅಂಚಿಗೆ ಕೂತು ಕೇಳಿದ: “ನನಗೊಂದು ಅರ್ಥವಾಗುವುದಿಲ್ಲ. ನಿಮ್ಮ ಮುಂದೆ ಇವರೇ ಮುಸುಕು ಸರಿಸುತ್ತಾರೆ. ನಾನು ಅವರ ಒಳ್ಳೆಯದಕ್ಕೆಂದೇ ಹೇಳಿದರೆ ಯಾಕೆ ಸರಿಸುವುದಿಲ್ಲ?”

“ನಾನು ಬೇಕಾದದ್ದನ್ನು ಹೇಳಿ ಆಚೆ ತಿರುಗಿ ಕೂರುತ್ತೇನೆ. ನೀವು ಡಂಗುರ ಹೊಡೆಸಿ ನೋಡುತ್ತಾ ನಿಂತಿರಿ,” ಎಂದ ವೈದ್ಯ.

ಅಧಿಕಾರಿ ಎದ್ದು ಕಚೇರಿಗೆ ನಡೆದ. ನಾನು ಹೇಳಲಿಲ್ಲವೇ, ಒಳ್ಳೆಯವನು. ಅಂದು ಸಂಜೆಯೇ ಆಜ್ಞೆಯನ್ನು ಹಿಂತೆಗೆದುಕೊಂಡ. ಖಜಾನೆಯ ಬಾಗಿಲಿಗೆ ಮಾತ್ರ ಒಬ್ಬ ಹೆಂಗಸನ್ನು ಕಾವಲಿಗೆ ಹಾಕಿದ. ಗುರುತು ನೋಡಲೇಬೇಕಾದಾಗ ಅವಳು ಬಂದವರನ್ನು ಒಂದು ಕೋಣೆಗೆ ಕರೆದು, ನೋಡಿ, ಕಳುಹಿಸುತ್ತಿದ್ದಳು. ಯಾರೂ ಬೇಸರಪಟ್ಟುಕೊಳ್ಳಲಿಲ್ಲ.

ಆಮೇಲೆ ಮಾವನೂ ಒಂದು ದಿನ ಜಗಲಿಗೆ ಬಂದ. ಆಜ್ಞೆ ಹೋದ ಹುರುಪಿನಲ್ಲಿದ್ದ. “ಮುಸುಕು ಹಾಕಿದರೇ ಕಣ್ಣಿಗೆ ಒಳ್ಳೆಯದು ಎಂದು ನಾಲ್ಕು ಜನರ ಮುಂದೆ ಒಂದು ಮಾತು ಹೇಳಿಬಿಡಿ ಪಂಡಿತರೇ. ನೀವು ಹೇಳಿದರೆ ಮನೆಯ ಹೆಂಗಸರು ಎದುರಾಡುವುದಿಲ್ಲ,” ಎಂದ.

ವೈದ್ಯ ಕೈ ಮುಗಿದ. “ಒಮ್ಮೆ ಬಾಯಿ ಬಿಟ್ಟದ್ದೇ ಸಾಕಾಗಿದೆ ಮಾರಾಯ. ಪಂಚೆ ಇನ್ನೊಂದಿದ್ದರೆ ಕೊಟ್ಟು ಹೋಗು,” ಎಂದ.

ಕೌದಿಯವಳು ಮಾತ್ರ ಪಟ್ಟಿ ಸುತ್ತಿಕೊಂಡು ಬಂದಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಅದಕ್ಕೆ ಮುಂಚೆ ಎರಡು ದಿನ ಮದ್ದು ನಿಂತದ್ದರಿಂದ ಬಲಗಣ್ಣಿನ ಪೊರೆ ಮತ್ತೆ ಗಟ್ಟಿಯಾಗಿತ್ತು, ಎಡಗಣ್ಣಿನ ಹೊಳಪೂ ಮಾಯವಾಗಿತ್ತು. ವೈದ್ಯ ಅದನ್ನು ಅವಳಿಗೆ ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿತ್ತು. ಅವನು ಮದ್ದಿನ ಸೊಪ್ಪನ್ನು ತಾನೇ ಗುಡ್ಡ ಹತ್ತಿ ಕಿತ್ತು ತಂದ, ಎರಡು ಸಲ ಸೋಸಿದ. ಇಷ್ಟು ವರ್ಷದ ನನ್ನ ಕೈಗುಣವೆಲ್ಲ ಹೋಗಲಿ, ಇವಳೊಬ್ಬಳ ಕಣ್ಣು ಉಳಿಯಲಿ ಎಂದು ದಿನವೂ ಮನಸ್ಸಿನಲ್ಲಿ ಬೇಡಿಕೊಂಡ.

ಇಪ್ಪತ್ತೊಂದನೆಯ ದಿನ ಬಂತು. ಅವಳು ಜಗಲಿಯ ಮೇಲೆ ಕೂತಳು. ವೈದ್ಯ ಪಟ್ಟಿಯ ಗಂಟು ಬಿಚ್ಚಿದ. ಅವನಿಗೆ ಗೊಣಗುವುದು ಮರೆತುಹೋಗಿತ್ತು. ಸುತ್ತು ಸುತ್ತಾಗಿ ಪಟ್ಟಿ ಬಿಚ್ಚಿಕೊಂಡಿತು. ಅವಳು ಕಣ್ಣು ತೆರೆದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹೊಸೆದ ಬತ್ತಿಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟರು. ಇನ್ನಷ್ಟು ಹತ್ತಿ ಕೈಗೆತ್ತಿಕೊಂಡರು.

ಚನ್ನವೀರ ಆಗಲೇ ಚೀಲದಿಂದ ಕಾಗದವನ್ನೂ ಲೇಖನಿಯನ್ನೂ ತೆಗೆದಿದ್ದ. “ಹೇಳಿ ಗುರುಗಳೇ, ಇದೇ ಮುಖ್ಯ. ಜಗಲಿಯಿಂದ ಇಳಿದು ಹೋಗುವಾಗ ಅವಳು ಮುಸುಕು ಹಾಕಿಕೊಂಡಳೇ, ಇಲ್ಲವೇ?”

“ಅವಳಿಗೆ ಎರಡು ಕಣ್ಣೂ ಚೆನ್ನಾಗಿ ಕಾಣಿಸಿದವು ಚನ್ನವೀರ, ಅದನ್ನು ನೀನು ಕೇಳಲೇ ಇಲ್ಲ,” ಎಂದರು ಗುರುಗಳು.