ಕೋಳಿಯಮ್ಮನ ಪಿಸ್ತೂಲು ವ್ಯಾಪಾರ

ಮರಿಗಳನ್ನು ಕದಿಯುವ ನರಿಯ ಕಾಟ ತಾಳಲಾರದೆ ಕೋಳಿಯಮ್ಮ ಮುಳ್ಳುಹಂದಿಯ ಬಂದೂಕಿನ ಅಂಗಡಿಗೆ ಹೋದಳು.

“ಬೆಲೆ ಕಡಿಮೆಯಿರಬೇಕು, ಬಾಳಿಕೆ ಬರಬೇಕು. ಅಂಥದೊಂದು ಪಿಸ್ತೂಲು ಕೊಡಿ.”

ಮುಳ್ಳುಹಂದಿ ಹಳೇ ಮಾದರಿಯ ಸೆಮಿ ಆಟೊಮ್ಯಾಟಿಕ್ ಒಂದನ್ನು ಮುಂದಿಟ್ಟಿತು. “ಥಳುಕಿಲ್ಲ, ಆದರೆ ಕೈಕೊಡುವುದಿಲ್ಲ. ಹತ್ತು ಸೇರು ಜೋಳ.”

“ಆರಕ್ಕೆ ಕೊಡಿ. ಕೊಸರು ಏನು ಹಾಕುತ್ತೀರಿ?”

“ಇದೇನು ಬದನೆಕಾಯಿಯೇ, ತಾಯಿ?”

ಅದೇ ನರಿ ಪಕ್ಕದಲ್ಲೇ ನಿಂತಿತ್ತು. “ಅಕ್ಕಾ, ನಿಮಗೆ ಚೌಕಾಸಿ ಬರುವುದಿಲ್ಲ, ಸ್ವಲ್ಪ ಸರಿಯಿರಿ. ಸಾಹುಕಾರರೇ, ಗುಂಡುಗಳನ್ನು ನೀವೇ ಇಟ್ಟುಕೊಂಡು ಆರು ಸೇರಿಗೆ ಕೊಡಿ. ಕೊಸರಿಗೆ ಆ ಚರ್ಮದ ಚೀಲ ಹಾಕಿ.”

“ಗುಂಡಿಲ್ಲದ ಪಿಸ್ತೂಲು ಕಟ್ಟಿಕೊಂಡು ಏನು ಮಾಡುತ್ತೀರಿ, ತಾಯಿ?” ಎಂದಿತು ಮುಳ್ಳುಹಂದಿ.

“ನೀವು ಸುಮ್ಮನಿರಿ. ನಾಲ್ಕು ಸೇರು ಇಳಿಯಿತೆಂದು ನಿಮಗೆ ಹೊಟ್ಟೆಯುರಿ!” ಎಂದು ಕೋಳಿಯಮ್ಮ ಜೋಳ ಅಳೆದುಕೊಟ್ಟು, ಚೀಲವನ್ನು ಕೊರಳಿಗೆ ನೇತುಹಾಕಿಕೊಂಡಳು. ನರಿಯತ್ತ ತಿರುಗುವಾಗ ಅವಳ ಕಣ್ಣು ತುಂಬಿತ್ತು. “ನಮ್ಮ ಯಜಮಾನರು ಇಷ್ಟು ವರ್ಷದಲ್ಲಿ ಒಂದು ಕಾಳು ಇಳಿಸಿದವರಲ್ಲ. ಮಧ್ಯಾಹ್ನ ನಮ್ಮ ಮನೆಗೇ ಊಟಕ್ಕೆ ಬಾರಪ್ಪ. ಮಕ್ಕಳನ್ನೂ ನೋಡಿದ ಹಾಗಾಗುತ್ತದೆ.”

“ಖಂಡಿತ ಬರುತ್ತೇನೆ, ಅಕ್ಕಾ,” ಎಂದಿತು ನರಿ. “ಅಡುಗೆ ಮಾತ್ರ ಮಾಡಬೇಡಿ.”